ನಮ್ಮನೆ ಹೊಂಡ

ಹಿರೇಗಲ್ಲಿನ ಅರಮನೆ ನೋಡಲು ರಜೆಯ ದಿನಗಳಲ್ಲಿ ಸಂಸಾರ ಸಮೇತ ಬರುವವರು ದರ್ಬಾರು ಹಜಾರ, ಆನೆಲಾಯ, ತಾವರೆಕೊಳ ಎಲ್ಲವನ್ನೂ ಸುತ್ತಿ, ಕಾಲು ಸೋತ ಮೇಲೆ ಹಿಂಭಾಗದ ಸಣ್ಣ ಹೊಂಡದ ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಅರಮನೆಯ ಕಲ್ಲೆಲ್ಲ ಕೆಂಪು. ಈ ಹೊಂಡದ ಏಳು ಮೆಟ್ಟಿಲು ಮಾತ್ರ ಕಪ್ಪು. ಇದಕ್ಕೆ ‘ನಮ್ಮನೆ ಹೊಂಡ’ ಎಂದು ಹೆಸರು. ಅರಮನೆಯೊಳಗಿನ ಹೊಂಡ ಯಾರ ಮನೆಯದು ಎಂದು ಮಕ್ಕಳು ಇಲ್ಲಿ ಕಾವಲಿರುವ ನನ್ನನ್ನು ಕೇಳುತ್ತವೆ. ಮಕ್ಕಳಿಗೆ ನಾನು ಹೇಳುವುದಿಲ್ಲ. ದೊಡ್ಡವರು ಕೇಳಿದರೆ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯ ಪಾಳೆಯಗಾರರೆಲ್ಲ ನವರಾತ್ರಿಗೆ ಹೆಂಡತಿ ಮಕ್ಕಳೊಂದಿಗೆ ಬಂದು ಹತ್ತು ದಿನ ದೊರೆಯ ಅತಿಥಿಗಳಾಗಿ ಇರಬೇಕೆಂಬ ಕಟ್ಟಳೆಯಿತ್ತು ಎನ್ನುತ್ತಾರೆ. ಕರಿಗುಡ್ಡದ ಕಾಟನಾಯಕನಿಗೂ ಕರೆ ಬಂತು. ದೊರೆ ಎರಡು ಬಾರಿ ಅವನ ಕೋಟೆಗೆ ಮುತ್ತಿಗೆ ಹಾಕಿ, ಎರಡು ಬಾರಿಯೂ ಬರಿಗೈಯಲ್ಲಿ ಮರಳಿದ್ದ. ಆ ಬೋಳುಗುಡ್ಡದ ಮೇಲೆ ನೀರು ಎಲ್ಲಿಂದ ಬರುತ್ತದೆಂಬುದು ಹೊರಗಿನ ಯಾರಿಗೂ ತಿಳಿದಿರಲಿಲ್ಲ. ಈಗ ಸಂಧಿಯಾಗಿತ್ತು. ಹೊರಡುವ ಮುನ್ನ ನಾಯಕ ಹೆಂಡತಿಗೆ, ಪಲ್ಲಕ್ಕಿ ಹೊರುವ ಬೋವಿಗಳಿಗೆ, ಅಡುಗೆಯವರಿಗೆ, ಎಲ್ಲರಿಗೂ ನೀರಿನ ಮಾತೆತ್ತಬೇಡಿ ಎಂದು ಆಣೆ ಹಾಕಿದ. ಎಂಟು ವರ್ಷದ ಮಗಳು ಬೊಮ್ಮವ್ವನಿಗೆ ಹೇಳಲಿಲ್ಲ. ಅವಳಿಗೆ ಗುಟ್ಟು ಗೊತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅರಮನೆ ಕಂಡು ಮಗುವಿಗೆ ಹಿಡಿಸಲಾರದಷ್ಟು ಸಂತೋಷ. ದೊರೆ ತಾನೇ ಕೈಹಿಡಿದು ಆನೆ ತೋರಿಸಿದ, ನವಿಲು ತೋರಿಸಿದ, ‘ದೊಡ್ಡಪ್ಪ’ ಎಂದು ಕರೆಯಲು ಕಲಿಸಿದ. ಮೂರು ದಿನ ಬೆರಗಾಗಿ ನೋಡಿದ ಮಗುವಿಗೆ ನಾಲ್ಕನೆಯ ದಿನ ತಾವರೆಕೊಳದ ಬಳಿ ರೋಷ ಬಂತು. ಎಲ್ಲವೂ ಇವರದೇ ದೊಡ್ಡದಾದರೆ ಹೇಗೆ?

“ನಮ್ಮನೆ ಹೊಂಡ ಇದಕ್ಕಿಂತ ಆಳ ಐತೆ, ದೊಡ್ಡಪ್ಪ. ಏಳು ಮೆಟ್ಲು. ಬ್ಯಾಸಿಗೇಲೂ ಬತ್ತಲ್ಲ.”

“ಸುಳ್ಳು ಹೇಳ್ತೀಯ, ತಾಯಿ. ಗುಡ್ಡದ ಮ್ಯಾಲೆ ಎಂಥ ನೀರು?”

“ಸುಳ್ಳಲ್ಲ! ಕೋಟೆ ಆಚೆ ಬಸರಿಮರದ ತಾವ ಬಿಲ ಐತೆ. ನಮ್ಮ ಮೇಕೆಮರಿ ಬಿದ್ದಾಗ ನಾನೇ ಇಳಿದಿದ್ದೆ. ಅಲ್ಲಿಂದ ನೀರು ಒಳಗೊಳಗೇ ಬರ್ತದೆ.”

ದೊರೆ ನಕ್ಕು ಅವಳ ತಲೆ ಸವರಿದ. “ನಿನಗೆ ಇಲ್ಲೂ ಅಂಥದ್ದೇ ಒಂದು ಕಟ್ಟಿಸಿಕೊಡ್ತೀನಿ, ಮಗಾ,” ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಅಷ್ಟು ಸಣ್ಣ ಮಗುವಿಗೆ ಆ ಗಾದೆಯನ್ನು ಯಾರು ಕಲಿಸಿದ್ದರು?

ಹಬ್ಬ ಮುಗಿದಾಗ, ಮಗು ದೀಪಾವಳಿಯವರೆಗೆ ಇರಲಿ ಎಂದು ದೊರೆ ಹೇಳಿದ. ಸಂಧಿ ಮುರಿಯುವ ಅಂಜಿಕೆಯಿಂದ ತಂದೆ ಒಪ್ಪಿದ. ತಂದೆ ತಾಯಿ ಊರು ಮುಟ್ಟಿದ ವಾರದೊಳಗೆ ದೊರೆಯ ಸೈನ್ಯ ಬಸರಿಮರದ ಬಳಿ ಅಗೆದು, ನೆಲದೊಳಗಿನ ಕಾಲುವೆಗೆ ಮಣ್ಣು ತುಂಬಿತು. ಇಪ್ಪತ್ತು ದಿನ ಕರಿಗುಡ್ಡ ತಡೆಯಿತು. ಇಪ್ಪತ್ತೊಂದನೆಯ ದಿನ ನೀರಿಗಾಗಿ ಬಾಗಿಲು ತೆರೆದು ಹೊರಬಂದವರಲ್ಲಿ ಒಬ್ಬರೂ ಉಳಿಯಲಿಲ್ಲ ಎನ್ನುತ್ತಾರೆ. ಅರಮನೆಯಲ್ಲಿ ಮಗುವಿಗೆ ಇದನ್ನು ಯಾರೂ ತಿಳಿಸಲಿಲ್ಲ. ದಿನವೂ ಹೋಳಿಗೆ ಕೊಟ್ಟರು, ಅಪ್ಪ ಬರುತ್ತಾನೆ ಎಂದರು.

ದೊರೆ ಕೊಟ್ಟ ಮಾತು ಉಳಿಸಿಕೊಂಡ. ಯುಗಾದಿಯ ಬೆಳಿಗ್ಗೆ ಬೊಮ್ಮವ್ವನನ್ನು ಹೊಸ ಹೊಂಡಕ್ಕೆ ಕರೆತಂದ. ಅವಳು ಕುಣಿಯುತ್ತ ಇಳಿದವಳು ಮೂರನೆಯ ಮೆಟ್ಟಿಲಲ್ಲಿ ನಿಂತಳು. ಕಲ್ಲಿನ ಮೇಲೆ ಆಡು-ಹುಲಿ ಆಟದ ಗೆರೆಗಳು. ಒಂದು ಗೆರೆ ಸೊಟ್ಟ. ಅದನ್ನು ಅಪ್ಪನ ಬಾಕಿನಿಂದ ಗೀಚಿದವಳು ಅವಳೇ. ಸಂಜೆ ಸಂಜೆ ಅಪ್ಪ ಮಗಳು ಆ ಕಲ್ಲಿನ ಮೇಲೆ ಕೂತು ಆಡುತ್ತಿದ್ದರು.

“ದೊಡ್ಡಪ್ಪ, ಈ ಕಲ್ಲು ಬಂದೈತಲ್ಲ, ನಮ್ಮಪ್ಪ ಯಾಕೆ ಬರಲಿಲ್ಲ?”

ಅವಳು ಅಂದೇ ಹೊಂಡಕ್ಕೆ ಹಾರಿದಳೆಂದು ಕೆಲವರು ಹೇಳುತ್ತಾರೆ. ನಮ್ಮ ಹಿರಿಯರು ಹಾಗೆ ಹೇಳುತ್ತಿರಲಿಲ್ಲ. ಅವಳು ಅರಮನೆಯಲ್ಲೇ ಮುದುಕಿಯಾದಳು, ದಿನವೂ ಆ ಮೆಟ್ಟಿಲು ತೊಳೆದಳು, ‘ನಮ್ಮನೆ’ ಎಂಬ ಮಾತನ್ನು ಮತ್ತೆ ಆಡಲಿಲ್ಲ. ಅವಳು ಬಿಟ್ಟ ಮಾತನ್ನು ಊರವರು ಹೊಂಡಕ್ಕೆ ಇಟ್ಟರು.

ಆ ಗೆರೆಗಳು ಇಂದಿಗೂ ಇವೆ, ಸೊಟ್ಟಗೆರೆಯೂ ಇದೆ. ರಜೆಗೆ ಬಂದ ಮಕ್ಕಳು ಹುಣಸೆಬೀಜ ಇಟ್ಟು ಆಡುತ್ತವೆ. ಆಡುತ್ತ, ನಮ್ಮನೇಲಿ ಅದಿದೆ, ನಮ್ಮನೇಲಿ ಇದಿದೆ ಎಂದು ಜಂಬ ಕೊಚ್ಚುತ್ತವೆ. ನಾನು ಗದರಿಸುವುದಿಲ್ಲ. ಪಕ್ಕದಲ್ಲಿ ನಿಂತು ಕೇಳುತ್ತಿರುವವರು ಯಾರೆಂದು ಮಾತ್ರ ಒಮ್ಮೆ ತಿರುಗಿ ನೋಡುತ್ತೇನೆ.