ದೀಪ ದೊಡ್ಡದು ಮಾಡಿ

“ಕೇಳಿರಪ್ಪೋ ಕೇಳಿ! ನಮ್ಮ ದೊರೆಗೆ ಅರಮನೆ ಇಕ್ಕಟ್ಟಾಗಿದೆ. ಅದನ್ನು ಹಿಗ್ಗಿಸಲು ಬರುವ ಅಮಾವಾಸ್ಯೆಗೆ ಮೇದರ ಕೇರಿ ಕೆಡವಲಾಗುವುದು. ಕೇರಿ ಉಳಿಯಬೇಕೆನ್ನುವವರು, ಇನಾಮು ಬೇಕೆನ್ನುವವರು ಬಂದು ದೊರೆಯ ಮೂರು ಒಗಟು ಬಿಡಿಸಿ. ಬಿಡಿಸಿದವರು ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯದು!”

ಇಕ್ಕಟ್ಟಂತೆ! ಆ ಅರಮನೆಯಲ್ಲಿ ಆನೆಗೆ ಜಾಗವಿತ್ತು, ಕುದುರೆಗೆ ಜಾಗವಿತ್ತು, ದೊರೆಯ ನೆಂಟರ ನೆಂಟರಿಗೂ ಜಾಗವಿತ್ತು. ದೊರೆಗೆ ಮಾತ್ರ ಉಸಿರಾಡಲು ಜಾಗವಿರಲಿಲ್ಲ. ಹಳ್ಳಿಯಿಂದ ಮೆಚ್ಚಿ ತಂದ ರಾಣಿ ಹೊನ್ನಾಜಮ್ಮ ತೀರಿಕೊಂಡಾಗಿನಿಂದ ಹೀಗೆ. ಅವಳ ಕೋಣೆಯಲ್ಲಿ ಹಗಲೂ ರಾತ್ರಿ ದೀಪಗಳು ಉರಿಯುತ್ತಿದ್ದವು. ಆ ಮನೆತನದಲ್ಲಿ ದೀಪ ಆರಿಸುವ ಪದ್ಧತಿಯೇ ಇರಲಿಲ್ಲ.

ಮೇದರ ಕೇರಿಯ ಚಿಕ್ಕೀರನದು ಒಂದೇ ಅಂಕಣದ ಮನೆ. ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು, ಹೆಣೆದ ಬುಟ್ಟಿಗಳು ಎಲ್ಲ ಅಲ್ಲೇ. ಒಬ್ಬರು ಹೊರಳಿದರೆ ಎಲ್ಲರೂ ಹೊರಳಬೇಕು. ಅದೂ ಹೋದರೆ ಮಳೆಗಾಲದಲ್ಲಿ ಮರದ ಕೆಳಗೆ ಬದುಕು. ಡಂಗುರ ಕೇಳಿದವನೇ ಚಿಕ್ಕೀರ ಎದ್ದ.

“ಹೋಗ್ತೀನಿ ಅವ್ವ.”

“ಹಂಗನ್ನಬ್ಯಾಡ ಕಣೋ. ಹೋಗಿ ಬತ್ತೀನಿ ಅನ್ನು.”

“ಹೋಗಿ ಬತ್ತೀನಿ” ಎಂದ. ಬರುತ್ತಾನೆಂದು ಇಬ್ಬರಿಗೂ ನಂಬಿಕೆಯಿರಲಿಲ್ಲ.

ಮುಸ್ಸಂಜೆ ರಾಣಿಯ ಕೋಣೆಯಲ್ಲಿ, ಖಾಲಿ ಮಂಚದ ಪಕ್ಕ ದೊರೆ ಕೂತಿದ್ದ. ಚಿಕ್ಕೀರನಿಗಿಂತ ಮುಂದೆ ಪರರಾಜ್ಯದ ಒಬ್ಬ ರಾಜಕುಮಾರ, ಒಬ್ಬ ಶಿಲ್ಪಿ.

“ಗೋಡೆ ಕದಲಿಸದೆ ಮನೆಯಲ್ಲಿ ಜಾಗ ಮಾಡುವುದು ಯಾವುದು?” ದೊರೆ ಕೇಳಿದ.

“ಕನ್ನಡಿ!” ಎಂದ ರಾಜಕುಮಾರ.

“ಕನ್ನಡಿ ಇಡಿಸಿ ನೋಡಿದೆ. ಎಲ್ಲಿ ತಿರುಗಿದರೂ ನನ್ನದೇ ಮುಖ. ಎಳೆದೊಯ್ಯಿರಿ.”

“ಕಿಟಕಿ, ಮಹಾಪ್ರಭು” ಎಂದ ಶಿಲ್ಪಿ.

“ಕಿಟಕಿಯಾಚೆ ಅವಳ ಸಮಾಧಿ ಕಾಣುತ್ತದೆ. ಇವನನ್ನೂ ಒಯ್ಯಿರಿ.”

ಹೊರಗೆ ಅವರ ಕೂಗು ನಿಂತಿತು. ಚಿಕ್ಕೀರ ಮುಂದೆ ಬಂದ.

“‘ಒಸಿ ಸರ್ಕೋ’ ಅನ್ನೋ ಮಾತು, ಬುದ್ಧಿ. ಎಷ್ಟೇ ಜನ ಇರ್ಲಿ, ಹಂಗಂದ್ರೆ ಎಲ್ರೂ ಚೂರು ಜರುಗ್ತಾರೆ, ನಮ್ಮನೇಲಿ ಇನ್ನೊಬ್ಬರಿಗೆ ಜಾಗ ಆಯ್ತದೆ.”

ದೊರೆ ಮೊದಲ ಸಲ ತಲೆಯೆತ್ತಿದ. ಅವನಿಗೆ ಯಾರೂ ಎಂದೂ ಆ ಮಾತು ಹೇಳಿರಲಿಲ್ಲ.

“ಮನೆಯಿಂದ ಹೊರಗೆ ಹೋದಮೇಲೂ ಜಾಗ ಬಿಟ್ಟುಕೊಡದವರು ಯಾರು?”

“ಸತ್ತೋರು. ನನ್ನ ತಂಗಿ ಒಲೆ ಪಕ್ಕ ಮಲಗ್ತಿದ್ಲು. ಅವಳು ಹೋದ್ಮೇಲೂ ಅಲ್ಲಿ ಯಾರೂ ಕಾಲು ಚಾಚಲ್ಲ. ಅಷ್ಟು ಇಕ್ಕಟ್ಟಾದ್ರೂ ಚಾಚಲ್ಲ.”

ಮೂರನೆಯ ಒಗಟಿನವರೆಗೆ ಅಲ್ಲಿಯತನಕ ಯಾರೂ ಬಂದಿರಲಿಲ್ಲ.

“ಕೊನೆಯ ಸಂಜೆ ನನ್ನ ರಾಣಿ, ‘ಗೋಡೆಗಳೆಲ್ಲ ಮೈಮೇಲೆ ಬರ್ತಾ ಇವೆ, ದೀಪ ದೊಡ್ಡದು ಮಾಡಿ’ ಎಂದಳು. ಬತ್ತಿ ಏರಿಸಿದೆ. ಮತ್ತೆ ಅದನ್ನೇ ಬೇಡಿದಳು. ಅರಮನೆಯ ದೀಪವನ್ನೆಲ್ಲ ಇಲ್ಲಿಗೇ ತರಿಸಿದೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಟೇಹೋದಳು. ಹೇಳು, ಅಷ್ಟು ದೀಪ ಹಚ್ಚಿದರೂ ಅವಳಿಗೆ ಈ ಮನೆ ಯಾಕೆ ದೊಡ್ಡದಾಗಲಿಲ್ಲ?”

ದೊರೆಯ ಹಿಂದೆ ನಿಂತಿದ್ದ ಮಂತ್ರಿ ನೆಲ ನೋಡಿದ. ಅವನೂ ಹಳ್ಳಿಯಲ್ಲಿ ಹುಟ್ಟಿದವನೇ. ಉತ್ತರ ಗೊತ್ತಿದ್ದೂ ಇಷ್ಟು ತಲೆಗಳು ಉರುಳುವುದನ್ನು ನೋಡಿಕೊಂಡಿದ್ದ, ಪುಣ್ಯಾತ್ಮ.

ಹೇಳಿದರೆ ದೊರೆಯ ಎದೆ ಒಡೆಯುತ್ತದೆ. ಹೇಳದಿದ್ದರೆ ಅವ್ವ ಬೀದಿಪಾಲು. ಚಿಕ್ಕೀರ ಕೈಮುಗಿದ.

“ದೀಪ ಆರ್ಸು ಅಂತ ನಾವು ಅನ್ನಲ್ಲ ಬುದ್ಧಿ, ಕೆಟ್ಟ ಮಾತು. ಅದಕ್ಕೇ ದೊಡ್ಡದು ಮಾಡು ಅಂತೀವಿ.”

“ಅಂದರೆ?”

“ಆರ್ಸಿ ಅಂದವ್ರೆ ಅಮ್ಮಾವ್ರು. ಕತ್ಲಾದ್ರೆ ಗೋಡೆ ಕಾಣಲ್ಲ. ಒಂದಂಕಣದ ಮನೇನೂ ಎಲ್ಲಿಗಂಟ ಅದೆ ಅಂತ ತಿಳಿಯಲ್ಲ. ಆಗ್ಲೇ ನಮ್ಗೂ ನಿದ್ದೆ ಹತ್ತೋದು.”

“ಆರಿಸಿ ಅಂದಳಾ? ಇಷ್ಟೇ ಕೇಳಿದಳಾ?”

“ಇಷ್ಟೇ ಬುದ್ಧಿ.”

ದೊರೆ ಮಂಚದ ಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದ. ಅವನ ಅಳು ಕೇಳಲಾಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, “ಏನು ಬೇಕು ನಿನಗೆ?” ಎಂದ.

“ನಮ್ಮ ಕೇರಿ ಇದ್ದಂಗೇ ಇರ್ಲಿ.”

“ಇರಲಿ. ಮನೆಗೊಂದು ಅಂಕಣ ಕೂಡಿಸಿ ಕೊಡುತ್ತೇನೆ. ಹೋಗುವ ಮುಂಚೆ ಈ ದೀಪ... ನನ್ನ ಕೈ ಏಳುತ್ತಿಲ್ಲಪ್ಪ. ದೊಡ್ಡದು ಮಾಡು.”

ಚಿಕ್ಕೀರ ಒಂದೊಂದಾಗಿ ಬತ್ತಿಗಳನ್ನು ಎಣ್ಣೆಗೆ ಎಳೆದ. ಕಂಬಗಳು ಹೋದವು, ಗೋಡೆಗಳು ಹೋದವು. ಬಾಗಿಲು ತಡವಿಕೊಂಡು ಹೊರಡುವಾಗ ಮಂಚ ಕಿರುಗುಟ್ಟಿದ್ದು ಕೇಳಿತು. ಆಮೇಲೆ, ಹೊಸದಾಗಿ ಮಾತು ಕಲಿತವನಂತೆ ದೊರೆ ತಡೆತಡೆದು ಹೇಳಿದ:

“ಹೊನ್ನೀ, ಒಸಿ ಸರ್ಕೋ.”

ಚಿಕ್ಕೀರ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮನೆಗೆ ಹೋದ.