ಬುಧವಾರದ ದೇವರು

ಗರಡಿಯ ಪೈಲ್ವಾನ್ ಚಿಕ್ಕಜವರಪ್ಪನವರಿಗೆ ಡಾಕ್ಟರು ಹೇಳಿಬಿಟ್ಟರು: ವಾರಕ್ಕೆ ಎರಡೇ ದಿನ ಬಾಡು, ಮೀರಿದರೆ ಗುಂಡಿಗೆ ಕೈಕೊಡುತ್ತದೆ.

ಪೈಲ್ವಾನರು ಅಡುಗೆಯ ಸಣ್ಣಮ್ಮನ ಮೇಲೆ ಗುಡುಗಿದರು. "ಶಿಷ್ಯರ ಮುಂದೆ ನನ್ನೆಲೆಗೆ ಸೊಪ್ಪು ಬಡಿಸಿದ್ರೆ ಇವತ್ತೇ ಗಂಟುಮೂಟೆ ಕಟ್ಕೊ. ನಾನೇನ್ ದನವಾ?"

ಮಧ್ಯಾಹ್ನ ಸಣ್ಣಮ್ಮ ಸೊಪ್ಪನ್ನೇ ಬಡಿಸಿದಳು. ಬಡಿಸುತ್ತಾ ಶಿಷ್ಯರಿಗೆ ಕೇಳುವಂತೆ ಹೇಳಿದಳು, "ಇವತ್ತು ಸೋಮವಾರ. ಅಯ್ಯ ಶಿವನ ವಾರ ಹಿಡಿದವ್ರೆ."

ಶಿಷ್ಯರು ಕೈಮುಗಿದರು. ಪೈಲ್ವಾನರು ಮೀಸೆ ತಿರುವಿ ಸೊಪ್ಪನ್ನೇ ಉಂಡರು.

ಆಮೇಲೆ ಮಂಗಳವಾರ ಚಾಮುಂಡಿ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಂತ ಬಂದರು. ಬಾಡಿನೂಟಕ್ಕೆ ಉಳಿದದ್ದು ಬುಧವಾರ, ಭಾನುವಾರ.

ಆರು ತಿಂಗಳಿಗೆ ಡಾಕ್ಟರು ಬೆನ್ನು ತಟ್ಟಿದರು. ಪೈಲ್ವಾನರು ನೇರ ಅಡುಗೆಮನೆಗೆ ಬಂದರು. "ನಾಳೆ ಬುಧವಾರಾನೂ ಸೊಪ್ಪೇ ಮಾಡವ್ವ."

"ಬುಧವಾರಕ್ಕೆ ಯಾವ ದೇವರ ಹೆಸರು ಹೇಳ್ತೀರಯ್ಯ?"

"ನಮ್ಮ ಅಡುಗೆಮನೇಲಿ ಒಬ್ಬಳವಳೆ ಅಂತೀನಿ, ಬುಡು."