ಬರ್ತೀನಜ್ಜಿ ಅಂತ ನಿಂತೇಬಿಟ್ಟ ಚಂದ್ರ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ನದಿಗಳು ಯಾವ ಕಡೆ ಹರಿಯೋಣ ಅಂತ ಗಾಳಿಯ ಹತ್ತಿರ ದಾರಿ ಕೇಳುತ್ತಿದ್ದವು. ಗಾಳಿಗೇ ದಾರಿ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಆಗ ಆಕಾಶದಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಅಣ್ಣ ಸೂರ್ಯ, ತಮ್ಮ ಚಂದ್ರ. ಬೆಳಗಾದರೆ ಒಟ್ಟಿಗೇ ಮೂಡಣದ ಬೆಟ್ಟ ಹತ್ತುತ್ತಿದ್ದರು, ಒಟ್ಟಿಗೇ ಆಕಾಶ ದಾಟುತ್ತಿದ್ದರು, ಸಂಜೆ ಒಟ್ಟಿಗೇ ಪಡುವಣದ ಕಡಲಿಗೆ ಇಳಿಯುತ್ತಿದ್ದರು. ಅಣ್ಣ ಮುಂದೆ, ತಮ್ಮ ಹಿಂದೆ. ಅಣ್ಣ ಒಂದು ದಿನವೂ ಹಿಂತಿರುಗಿ ನೋಡಿದವನಲ್ಲ. ಹೊತ್ತು ಹೊತ್ತಿಗೆ ಕೆಲಸ ಆಗಬೇಕು, ಅವನಿಗೆ ಅಷ್ಟೇ.

ಅಣ್ಣನ ಬೆಳಕೋ, ಅಬ್ಬಬ್ಬಾ! ಕಣ್ಣು ಬಿಟ್ಟು ನೋಡೋ ಹಾಗಿಲ್ಲ. ಆ ಬೆಳಕಿನ ನಡುವೆ ಪಾಪ, ಚಂದ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂಥವನೊಬ್ಬ ಇದ್ದಾನೆ ಅಂತಲೇ ಭೂಮಿಯ ಜನಕ್ಕೆ ಗೊತ್ತಿರಲಿಲ್ಲ. ಸಂಜೆಯಾದರೆ ಇಬ್ಬರೂ ಹೊರಟುಹೋಗುತ್ತಿದ್ದರು. ಆಮೇಲೆ ರಾತ್ರಿಯೆಲ್ಲ ಗವ್ ಅನ್ನೋ ಕತ್ತಲು.

ಪಡುವಣದ ಬಾಗಿಲಲ್ಲಿ ಕಡಲಜ್ಜಿಯ ಮನೆ ಇತ್ತು. ದಣಿದು ಬಂದವರಿಗೆ ಅಂತ ಅಜ್ಜಿ ಜಗುಲಿಯ ಮೇಲೆ ಒಂದು ಚೆಂಬು ಮಜ್ಜಿಗೆ ಇಡುತ್ತಿದ್ದಳು. ಸೂರ್ಯ ನಿಂತ ಕಾಲಲ್ಲೇ ಗಟಗಟ ಅರ್ಧ ಕುಡಿದು, "ಬರ್ತೀನಜ್ಜಿ" ಅಂತ ಇಳಿದುಬಿಡುತ್ತಿದ್ದ. ಉಳಿದರ್ಧ ಚಂದ್ರ ಕುಡಿದು ಅಣ್ಣನ ಹಿಂದೆ ಓಡುತ್ತಿದ್ದ.

ಒಂದು ದಿನ ಮಜ್ಜಿಗೆಗೆ ಮೆಣಸಿನಕಾಯಿ ಸ್ವಲ್ಪ ಜಾಸ್ತಿ ಬಿದ್ದಿತ್ತು. ಕುಡಿದದ್ದೇ ತಡ, ಚಂದ್ರನಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಬಿಕ್! ಬಿಕ್!

ಒಳಗೆ ಹೋಗುತ್ತಿದ್ದ ಅಜ್ಜಿ ತಿರುಗಿ ಬಂದಳು. ಸೂರ್ಯ ಆಗಲೇ ಇಳಿದಾಗಿತ್ತು. ಹಾಗಾಗಿ ಬಾಗಿಲಲ್ಲಿ ನಿಂತವನು ಅಜ್ಜಿಗೆ ಕಂಡ.

"ಯಾರಪ್ಪಾ ನೀನು?"

"ನಾನು ಚಂದ್ರ, ಸೂರ್ಯನ ತಮ್ಮ. ದಿನಾ ಬರ್ತೀನಲ್ಲಜ್ಜಿ!"

"ಅಯ್ಯೋ ನನ್ನ ಕಂದಾ! ಇಡೀ ಚೆಂಬು ಅವನೊಬ್ಬನೇ ಕುಡೀತಾನೆ, ಏನು ಹೊಟ್ಟೆಯಪ್ಪಾ ಅಂದ್ಕೊಂಡಿದ್ದೆ!" ಅಜ್ಜಿ ಅಲೆ ಅಲೆಯಾಗಿ ನಕ್ಕಳು. "ಬಿಕ್ಕಳಿಕೆ ಬಂತಾ? ಯಾರೋ ನಿನ್ನ ನೆನೆಸ್ಕೊಳ್ತಿದ್ದಾರೆ ಬಿಡು."

ಚಂದ್ರನ ಮುಖ ಸಪ್ಪಗಾಯಿತು. "ನನ್ನನ್ನ ಯಾರು ನೆನೆಸ್ಕೊಳ್ತಾರಜ್ಜಿ? ಯಾರಿಗೂ ನಾನು ಕಾಣೋದೇ ಇಲ್ಲ. ಒಂದೇ ಒಂದು ಸಲ ಯಾರಾದ್ರೂ ನನ್ನ ನೋಡಿ, 'ಅಗೋ, ಬಂದ' ಅಂದ್ರೆ ಸಾಕು ಅನ್ಸುತ್ತೆ."

ಅಜ್ಜಿಯ ಕರುಳು ಚುರ್ ಅಂತು.

"ಬರ್ತೀನಜ್ಜಿ" ಅಂದ ಚಂದ್ರ.

"ಹೂಂ, ಹೋಗಿ ಬಾ. ಅಲ್ಲ ಕಣೋ, ನಿಮ್ಮಮ್ಮ ಹೇಗಿದ್ದಾಳೆ?"

ಚಂದ್ರ ನಿಂತ. ಅಮ್ಮನ ಸುದ್ದಿ ಹೇಳಿದ. "ಬರ್ತೀನಜ್ಜಿ" ಅಂದ.

"ಹೋಗಿ ಬಾ. ಅಂದ ಹಾಗೆ, ಆ ಮೂಡಣದ ಬೆಟ್ಟಕ್ಕೆ ಮಂಡಿನೋವು ಅಂತಿದ್ರಲ್ಲ, ವಾಸಿ ಆಯ್ತಾ?"

ಚಂದ್ರ ಮತ್ತೆ ನಿಂತ. ಗೊತ್ತಲ್ಲ, ಒಳಗೆ ಕೂತಾಗ ಬಾರದ ಮಾತೆಲ್ಲ ಹೊರಟು ಬಾಗಿಲಲ್ಲಿ ನಿಂತಾಗಲೇ ಬರೋದು.

ಅದೇ ಹೊತ್ತಿಗೆ ಕಡಲ ದಡದಲ್ಲಿ ಸಣ್ಣು ಅನ್ನೋ ಹುಡುಗಿ ಅಮ್ಮನ ಜೊತೆ ಬಲೆ ಮಡಚುತ್ತಿದ್ದಳು. ತಲೆಯೆತ್ತಿದವಳು ಬಲೆ ಕೈಬಿಟ್ಟಳು.

"ಅಮ್ಮಾ, ಅಲ್ನೋಡು! ಅಲ್ಲಿ ಯಾರೋ ಇದ್ದಾರೆ!"

ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಪಡುವಣದ ಬಾಗಿಲಲ್ಲಿ ಉಗುರಿನಷ್ಟು ಬೆಳ್ಳಗೆ ಏನೋ ಕಂಡಿತು. "ಹೌದಲ್ಲೇ! ಬರ್ತೀನಿ ಅಂತ ಹೇಳಿ ಬಾಗಿಲಲ್ಲೇ ನಿಂತಿದ್ದಾನೆ. ಥೇಟ್ ನಿನ್ನ ಮಾಮನ ಹಾಗೆ!"

ಸಣ್ಣು ಕುಣಿದಾಡಿದಳು. "ಮಾಮಾ! ಓ ಚಂದದ ಮಾಮಾ!"

ಯಾರನ್ನಪ್ಪಾ ಕರೀತಿರೋದು ಅಂತ ಚಂದ್ರ ಹಿಂದೆ ಮುಂದೆ ನೋಡಿದ. ಅಲ್ಲಿ ಇನ್ಯಾರೂ ಇರಲಿಲ್ಲ. ಕರೆದದ್ದು ಅವನನ್ನೇ! ಖುಷಿಗೆ ಅವನ ಬಿಕ್ಕಳಿಕೆ ಎಲ್ಲಿ ಹೋಯಿತೋ ಏನೋ.

ಮಾರನೇ ದಿನ ಅವನು ಬೆಟ್ಟ ಹತ್ತಿದ್ದು ತಡವಾಗಿ. ಅಷ್ಟು ದೂರ ಮುಂದಿದ್ದ ಅಣ್ಣ ಹಿಂತಿರುಗದೆಯೇ ಗುಡುಗಿದ. "ಎಲ್ಲೋ ಹಾಳಾಗಿ ಹೋಗಿದ್ದೆ? ಇವತ್ತೂ ತಡ ಮಾಡಿದ್ರೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ!"

ಚಂದ್ರ ಹೆದರಿಬಿಟ್ಟ. ಅವನು ಒಂಟಿಯಾಗಿ ನಡೆದವನೇ ಅಲ್ಲ. ಇವತ್ತು ಯಾರು ಕರೆದರೂ ನಿಲ್ಲೋದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ.

ಸಂಜೆ ಮಜ್ಜಿಗೆ ಕುಡಿದವನೇ "ಬರ್ತೀನಜ್ಜಿ" ಅಂತ ಒಂದು ಕಾಲು ಕೆಳಗಿಟ್ಟ. ಅಷ್ಟರಲ್ಲಿ ದಡದಿಂದ ದನಿ ಕೇಳಿಸಿತು. ಸಣ್ಣು ಕೇರಿಯ ಮಕ್ಕಳನ್ನೆಲ್ಲ ಕರೆತಂದಿದ್ದಳು.

"ಬರ್ತಾನೆ ನೋಡ್ರೋ, ನಿನ್ನೆ ಬಂದಿದ್ದ."

"ಥೂ, ಸುಳ್ಳಿ! ಅಲ್ಲಿ ಯಾರೂ ಇಲ್ಲ" ಅಂತ ಮಕ್ಕಳು ಗೇಲಿ ಮಾಡಿದರು. ಸಣ್ಣುವಿನ ಕಣ್ಣಲ್ಲಿ ನೀರು ತುಂಬಿತು.

ಚಂದ್ರ ಕೆಳಗೆ ಹೋಗುತ್ತಿದ್ದ ಅಣ್ಣನ ಬೆನ್ನು ನೋಡಿದ. ಮೇಲೆ ನೋಡುತ್ತಿದ್ದ ಸಣ್ಣುವಿನ ಮುಖ ನೋಡಿದ. ಇಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

"ಅಗೋ, ಬಂದ!" ದಡವೆಲ್ಲ ಕೇಕೆ.

ಅಲ್ಲಿಗೆ ಆಯಿತು ನೋಡಿ. ದಿನಾ "ಬರ್ತೀನಜ್ಜಿ" ಅನ್ನೋದು, ದಿನಾ ನಿಲ್ಲೋದು. ನಿನ್ನೆಗಿಂತ ಇವತ್ತು ತಡ, ಇವತ್ತಿಗಿಂತ ನಾಳೆ ತಡ. ಅಣ್ಣನಿಂದ ದಿನಾ ಒಂದಿಷ್ಟು ದೂರ.

ಚಂದ್ರನಿಗೆ ಸ್ವಂತ ಬೆಳಕಿಲ್ಲ, ಅವನ ಮೇಲೆ ಬೀಳೋದು ಅಣ್ಣನ ಬೆಳಕೇ. ಅಣ್ಣನ ಮಗ್ಗುಲಲ್ಲಿದ್ದಾಗ ಅದು ಅವನ ಆಚೆ ಬದಿಗೆ ಬೀಳುತ್ತಿತ್ತು, ಭೂಮಿಗೆ ಕಾಣುತ್ತಿರಲಿಲ್ಲ. ದೂರ ಸರಿದ ಹಾಗೆಲ್ಲ ಬೆಳಗಿದ ಮುಖ ಭೂಮಿಯ ಕಡೆಗೆ ಬಂತು. ಇವತ್ತು ಗೆರೆ, ಆಮೇಲೆ ಕುಡುಗೋಲು, ಆಮೇಲೆ ಅರ್ಧ ರೊಟ್ಟಿ! ದಡದ ಮಕ್ಕಳಿಗೆ ಹಬ್ಬವೋ ಹಬ್ಬ. ಚಂದ್ರನಿಗೂ ಹಬ್ಬವೇ. ಆದರೆ ಒಂಟಿಯಾಗಿ ನಡೆಯುವಾಗ, ಅಣ್ಣ ಇನ್ನು ನನ್ನ ಹತ್ತಿರ ಮಾತಾಡ್ತಾನೋ ಇಲ್ಲವೋ ಅಂತ ಅಳು ಬರುತ್ತಿತ್ತು.

ಕೊನೆಗೊಂದು ಸಂಜೆ ಅವನು ಎಷ್ಟು ತಡ ಮಾಡಿದ ಅಂದರೆ, ಅಣ್ಣ ಪಡುವಣದ ಬಾಗಿಲಲ್ಲಿ, ತಮ್ಮ ಇನ್ನೂ ಮೂಡಣದ ಬೆಟ್ಟದ ಬುಡದಲ್ಲಿ.

ಸೂರ್ಯ "ಬರ್ತೀನಜ್ಜಿ" ಅಂದಾಗ ಕಡಲಜ್ಜಿ ಅವನ ಕೈ ಹಿಡಿದುಕೊಂಡಳು. "ಇವತ್ತೊಂದು ದಿನ ತಿರುಗಿ ನೋಡೋ."

"ಹೊತ್ತಾಯ್ತಜ್ಜಿ."

"ನೋಡೋ ಅಂದ್ರೆ!"

ಸೂರ್ಯ ತಿರುಗಿ ನೋಡಿದ. ದೂರದ ಬೆಟ್ಟದ ಮೇಲೆ ದುಂಡಗೆ, ತುಂಬಿದ ಮುಖದವನೊಬ್ಬ ಹೆದರಿಕೊಂಡೇ ಮೇಲೆ ಬರುತ್ತಿದ್ದ.

"ಯಾರಜ್ಜಿ ಅದು?"

"ನಿನ್ನ ತಮ್ಮ ಕಣೋ!"

ಸೂರ್ಯ ಹೊತ್ತಾದದ್ದನ್ನೇ ಮರೆತ. "ನನ್ನ ತಮ್ಮ ಇಷ್ಟು ಚೆನ್ನಾಗಿದ್ದಾನಾ? ಇಷ್ಟು ದಿನ ಜೊತೆಗಿದ್ದೂ ನಾನು ನೋಡಲೇ ಇಲ್ವಲ್ಲಜ್ಜಿ!"

ಆಮೇಲೆ ಆಕಾಶದ ಈ ತುದಿಯಿಂದ ಆ ತುದಿಗೆ ಕೇಳೋ ಹಾಗೆ ಕೂಗಿದ. "ತಮ್ಮಾ! ನೀನು ತಡ ಮಾಡಿಕೊಂಡೇ ಬಾರೋ! ಹಗಲು ನಾನು ನೋಡ್ಕೊಳ್ತೀನಿ, ರಾತ್ರಿ ನೀನು ನೋಡ್ಕೋ. ನಾನೇ ಸುತ್ತಿ ಬಂದು ನಿನ್ನ ಸೇರ್ಕೊಳ್ತೀನಿ!"

ಚಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದ.

ಅವತ್ತಿನಿಂದ ಹಾಗೇ ನಡೆದಿದೆ. ದಿನಾ ತಡ ಮಾಡುತ್ತ ಮಾಡುತ್ತ ಚಂದ್ರ ಸಣ್ಣಗಾಗುತ್ತಾನೆ, ಅಣ್ಣ ಹಿಂದಿನಿಂದ ಬಂದು ಸೇರಿಕೊಳ್ಳುತ್ತಾನೆ. ಅಮಾವಾಸ್ಯೆಯ ದಿನ ಚಂದ್ರ ಕಾಣಲಿಲ್ಲ ಅಂತ ಚಿಂತೆ ಮಾಡಬೇಡಿ. ಅಣ್ಣ ತಮ್ಮ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿರುತ್ತಾರೆ. ಆಮೇಲೆ ಮತ್ತೆ ಅಜ್ಜಿಯ ಬಾಗಿಲು, ಮತ್ತೆ ಮಾತು.

ಹುಣ್ಣಿಮೆಯ ಸಂಜೆ ಮಾತ್ರ ಮರೆಯದೆ ಆಚೆ ಬನ್ನಿ. ಪಡುವಣದಲ್ಲಿ ಮುಳುಗೋ ಸೂರ್ಯನನ್ನು ನೋಡಿ, ಮೂಡಣದಲ್ಲಿ ಏಳೋ ಚಂದ್ರನನ್ನೂ ನೋಡಿ. ಇಡೀ ಭೂಮಿಯನ್ನು ನಡುವೆ ಇಟ್ಟುಕೊಂಡು ಒಬ್ಬರನ್ನೊಬ್ಬರು ಕಣ್ತುಂಬ ನೋಡುತ್ತಾರಲ್ಲ, ಅದಕ್ಕೇ ಆ ಹೊತ್ತಿಗೆ ಇಬ್ಬರ ಮುಖವೂ ಕೆಂಪಗಿರೋದು.